ಏನೂ ಆಗಿಲ್ಲವೆಂಬಂತೆ ಮರಳುವ ಸ್ಥಿರ ಎಂಟ್ರೊಪಿ ಪ್ರಕ್ರಿಯೆಯವರಿಗೆ

ಮಾನ್ಯರೇ,

ಉಷ್ಣಗತಿಶಾಸ್ತ್ರದ ಪಠ್ಯಪುಸ್ತಕದಲ್ಲಿ ಶಾಶ್ವತವಾಗಿ ನೆಲೆಸಿರುವ ತಮ್ಮ ಪಾದಾರವಿಂದಗಳಿಗೆ ಗದಗಿನ ಡಿಪ್ಲೊಮಾ ಕಾಲೇಜಿನ ಉಪನ್ಯಾಸಕಿ ವಾಣಿಶ್ರೀಯ ಸಾಷ್ಟಾಂಗ ನಮಸ್ಕಾರಗಳು.

ಶಾಖವನ್ನು ಒಳಗೆ ಬಿಟ್ಟುಕೊಳ್ಳದೆ, ಹೊರಗೂ ಹೋಗಗೊಡದೆ, ತಿಕ್ಕಾಟವೆಂಬುದನ್ನೇ ಅರಿಯದೆ, ಎಂಟ್ರೊಪಿಯೆಂಬ ಒಳಗಿನ ಅಸ್ತವ್ಯಸ್ತತೆಯನ್ನು ಕೂದಲೆಳೆಯಷ್ಟೂ ಹೆಚ್ಚಿಸದೆ ಸಾಗಿ, ಬಂದ ದಾರಿಯಲ್ಲೇ ಗುರುತುಳಿಸದೆ ಮರಳಬಲ್ಲವರು ತಾವೊಬ್ಬರೇ ಎಂದು ವರ್ಷಾನುಗಟ್ಟಲೆ ಪಾಠ ಹೇಳಿದ್ದೇನೆ. ತಮ್ಮನ್ನು ಕಣ್ಣಾರೆ ಕಂಡವರಿಲ್ಲ ಎಂಬುದು ತಮ್ಮ ಕೀರ್ತಿಗೆ ಕುಂದೇನೂ ಅಲ್ಲ.

ಆದರೆ ಶ್ರಾವಣದಲ್ಲಿ ತಮ್ಮ ಕಲೆಯನ್ನು ಒಬ್ಬರು ನಮ್ಮ ಮನೆಯಲ್ಲೇ ಪ್ರದರ್ಶಿಸಿದರು. ಅವರು ಶಿರಹಟ್ಟಿಯ ಮುದಕಪ್ಪನವರು, ನನಗೆ ನಿಶ್ಚಯವಾಗಿದ್ದ ವರ ಸೋಮೇಶನ ತಂದೆ. ಮದುವೆಯ ನಂತರವೂ ನೌಕರಿ ಬಿಡುವುದಿಲ್ಲವೆಂದು ನಾನು ಹೇಳಿದ್ದಕ್ಕಾಗಿ, ನಿಶ್ಚಿತಾರ್ಥದಲ್ಲಿ ನಾವು ಸೋಮೇಶನಿಗೆ ಹಾಕಿದ ಉಂಗುರವನ್ನು ಟೇಬಲ್ಲಿನ ಮೇಲಿಟ್ಟು, ಅವರ ಮನೆಯವರು ನನಗೆ ಉಡಿಸಿದ ಸೀರೆಯನ್ನು ಕೇಳಿ ಪಡೆದು, "ಏನೂ ಆಗೇ ಇಲ್ಲ ಅಂತ ತಿಳ್ಕೋರಿ. ಎಲ್ಲಾ ಮೊದಲಿನಂಗ" ಎಂದು ಹೊರಟುಹೋದರು. ಸೀರೆಗೆ ಆಗಲೇ ಫಾಲ್ ಹೊಲಿಸಿಯಾಗಿತ್ತು. ನನ್ನ ತಾಯಿ ಸಾವಿತ್ರೆವ್ವ ಅಂದಿನಿಂದ ನೆರೆಮನೆಯ ಅರಿಶಿನ-ಕುಂಕುಮಕ್ಕೂ ಹೋಗಲಿಲ್ಲ. ನಾನು ಮಾತ್ರ ಮರುದಿನವೇ ತಾಪ-ಎಂಟ್ರೊಪಿ ನಕ್ಷೆಯಲ್ಲಿ ತಮ್ಮ ಗುರುತಾದ ನೇರ ಗೆರೆಯನ್ನು ಕರಿಹಲಗೆಯ ಮೇಲೆ ಎಳೆದೆ. "ಮೇಡಂ, ಇಂಥಾದ್ದು ಖರೇನ ಎಲ್ಲೆರ ಐತೇನ್ರಿ?" ಎಂದು ವಿದ್ಯಾರ್ಥಿನಿ ಮಾಯಾ ಕೇಳಿದಾಗ, "ಪರೀಕ್ಷಾದಾಗ ಐತಿ, ಬರಕೋ" ಎಂದು ಹಲಗೆಯ ಕಡೆಗೆ ತಿರುಗಿ ಗೆರೆಯನ್ನು ಇನ್ನೊಮ್ಮೆ ತಿದ್ದಿದೆ.

ದೀಪಾವಳಿ ಕಳೆದ ಮೇಲೆ, ಬೇರೆಲ್ಲೂ ಸಂಬಂಧ ಕೂಡಿಬರದೆ, ಮುದಕಪ್ಪನವರು ಅದೇ ಸೀರೆಯನ್ನು ಹೊಸ ಚೀಲದಲ್ಲಿಟ್ಟುಕೊಂಡು ಮಗನೊಡನೆ ದಯಮಾಡಿಸಿದರು. "ಆಗಿದ್ದು ಆತು. ನೌಕರಿ ಮಾಡ್ಲಿ ಬಿಡ್ರಿ. ಮತ್ತ ಮೊದಲಿನಂಗ ಕೂಡೂಣು" ಎಂದರು. ತಾಯಿ ನನ್ನ ಮುಖ ನೋಡಿದಳು. ನಾನು ಸೋಮೇಶನನ್ನೇ ಕೇಳಿದೆ: "ಆವತ್ತ ನೀವ್ಯಾಕ ಬರಲಿಲ್ಲ?"

"ಅಪ್ಪಾರು ಬ್ಯಾಡ ಅಂದ್ರು."

ಅವನನ್ನು ಇಷ್ಟಪಟ್ಟಿದ್ದೆ, ಮಾನ್ಯರೇ. ಆದರೂ "ಮೊದಲಿನಂಗ ಆಗೂದು ಪುಸ್ತಕದಾಗ ಅಷ್ಟರೀ. ಚಾ ಕುಡದು ಹೋಗ್ರಿ" ಎಂದೆ. ಅವರು ಚಾ ಕುಡಿಯಲಿಲ್ಲ. ಬಾಗಿಲು ಹಾಕಿಕೊಂಡು ಬಂದ ತಾಯಿ, "ಛಲೋ ಅಂದಿ. ನಾನ ಅನ್ನಾಕಿದ್ದೆ, ಬಾಯಿ ಬರಲಿಲ್ಲ" ಎಂದು ಆ ಚಾ ತಾನೇ ಕುಡಿದು, ಸಂಜೆ ಒಳ್ಳೆಯ ಸೀರೆಯುಟ್ಟು ನೆರೆಮನೆಗೆ ಹೋದಳು.

ಆದ್ದರಿಂದ ತಾವು ಒಮ್ಮೆ ಪುಸ್ತಕದಿಂದ ಇಳಿದು ಬಂದು, ತಮ್ಮಂತೆ ನಟಿಸುವವರಿಗೆ ತಕ್ಕ ಶಾಸ್ತಿ ಮಾಡಬೇಕೆಂದೂ, ಬರುವಾಗ ಲಕ್ಷ್ಮೇಶ್ವರದ ಸಂತೆಯ ದಿನದ ಬಸ್ಸಿನಲ್ಲಿ ತಿಕ್ಕಾಟವಿಲ್ಲದೆ ನಿಂತು ಪ್ರಯಾಣಿಸಿ ತೋರಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ಇರುವಿಕೆಯಲ್ಲಲ್ಲದಿದ್ದರೂ ತಮ್ಮ ಗೆರೆಯಲ್ಲಿ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ವಾಣಿಶ್ರೀ, ಬೆಟಗೇರಿ

ತಾ.ಕ.: ನಮ್ಮ ಪ್ರಯೋಗಾಲಯದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ತಮ್ಮ ಹತ್ತಿರದ ಬಂಧುವೆಂದು ಪುಸ್ತಕ ಹೇಳುತ್ತದೆ. ಮುಟ್ಟಿದರೆ ಕೈ ಸುಡುತ್ತದೆ, ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಆದರೂ ತನ್ನಿಂದ ಏನೂ ಆಗಿಲ್ಲವೆಂದು ಅದು ಇದುವರೆಗೆ ಒಮ್ಮೆಯೂ ಹೇಳಿಲ್ಲ. ಬಂಧುಗಳಲ್ಲಿ ನನಗೆ ಅದೇ ಹೆಚ್ಚು ಮರ್ಯಾದಸ್ಥನೆನಿಸುತ್ತದೆ.