ತೊಟ್ಟಿಲಲ್ಲಿ ಗುಂಡಪ್ಪ

“ಮಹಾಜನಗಳೇ, ಇದು ಕಡೇ ಪ್ರಕಟಣಾ. ಅಗದಿ ಲಕ್ಷ್ಯ ಕೊಟ್ಟು ಕೇಳ್ರಿ. ಈ ಸಲ ನಮ್ಮ ಗೋದಲಿಯೊಳಗ ಬಾಲಯೇಸು ಹುಲ್ಲಿನ ಮ್ಯಾಲೆ ಮಲಗೂದಿಲ್ಲ. ಕಲಘಟಗಿ ಬಣ್ಣದ ತೊಟ್ಟಲದಾಗ ಮಲಗತಾನ! ಕ್ರಿಸ್‌ಮಸ್ಸಿಗೆ ಆ ತೊಟ್ಟಲಾ ತೂಗಲಿಲ್ಲಾ ಅಂದ್ರ ಈ ಸವೇರಪ್ಪ ಮತ್ತ ಈ ಮೈಕ್ ಮುಟ್ಟೂದಿಲ್ಲ.”

ಕ್ರಿಸ್‌ಮಸ್ಸಿಗೆ ಅಣಿಯಾಗುವ ಆಗಮನ ಕಾಲದ ಮೊದಲ ಭಾನುವಾರ, ಬಲಿಪೂಜೆ ಮುಗಿಯುತ್ತಿದ್ದಂತೆ, ದೇವಿಕೊಪ್ಪದ ಕಡೆಯ ಒಂದು ಪುಟ್ಟ ಚರ್ಚಿನಲ್ಲಿ ಈ ಭೀಷಣ ಪ್ರತಿಜ್ಞೆ ನಡೆದುಹೋಯಿತು. ಜನ ಚಪ್ಪಾಳೆ ತಟ್ಟಿದರು. ಫಾದರ್ ಲ್ಯಾನ್ಸಿಯವರು ಮಾತ್ರ ಕೈಯಲ್ಲಿದ್ದ ಪ್ರಕಟಣೆಯ ಹಾಳೆಯನ್ನು ತಿರುವಿ ಮುರುವಿ ನೋಡಿದರು. ತೊಟ್ಟಿಲಿನ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಇದು ಹೊಸದೇನಲ್ಲ. ಸವೇರಪ್ಪನದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಬಲಿತ ಗಂಟಲು. ಆ ಗಂಟಲಿಗೆ ಪ್ರತಿ ಭಾನುವಾರ ಚರ್ಚಿನ ಮೈಕ್ ಸಿಗುತ್ತಿತ್ತು. ಗುರುವಾರ ಯಾರ ಮನೆಯಲ್ಲಿ ಜಪಸರದ ಪ್ರಾರ್ಥನೆ, ಶನಿವಾರ ಯಾರು ಚರ್ಚು ಗುಡಿಸಬೇಕು, ಗಾಯನದವರು ಎಷ್ಟು ಹೊತ್ತಿಗೆ ಕೂಡಬೇಕು, ಎಲ್ಲ ಅವನ ಬಾಯಿಂದಲೇ ಬರಬೇಕು. ಈಗ ಅದೇ ಪ್ರಕಟಣೆಗಳು ಹಿಂದಿನ ದಿನವೇ ವಾಟ್ಸಾಪಿನಲ್ಲಿ ಬಂದು ಬಿದ್ದಿರುತ್ತವೆ. ಆದರೂ ಸವೇರಪ್ಪ ಓದುವ ತನಕ ಅವು ಪ್ರಕಟಣೆ ಆಗುವುದಿಲ್ಲ ಎಂಬುದು ಸವೇರಪ್ಪನ ನಂಬಿಕೆ. ಓದುತ್ತ ಓದುತ್ತ ಹುರುಪೇರಿದರೆ ಹಾಳೆಯಲ್ಲಿ ಇಲ್ಲದ್ದನ್ನೂ ಓದಿಬಿಡುತ್ತಿದ್ದ. ‘ಜಪಸರ ನಮ್ಮ ಮನ್ಯಾಗ, ಚಹಾ-ಚೂಡಾ ಇರತೈತಿ’ ಎಂಬುದು ಹಾಗೆ ಹುಟ್ಟಿದ ಪ್ರಕಟಣೆ. ‘ಹಬ್ಬದ ಅಡಗಿ ಉಸ್ತುವಾರಿ ಮರೆವ್ವನವರದು’ ಎಂಬುದೂ ಹಾಗೆಯೇ. ಮರೆವ್ವ ಅವನ ಹೆಂಡತಿ. ತಾನು ಮುಂದೆ ಏನು ಮಾಡಲಿದ್ದೇನೆ ಎಂಬುದು ಪಾಪ, ಅವಳಿಗೂ ಊರ ಜನರ ಜೊತೆಯಲ್ಲಿಯೇ ಗೊತ್ತಾಗುತ್ತಿತ್ತು. ‘ನನ್ನ ಒಂದ ಮಾತು ಕೇಳಬಾರದೇನ್ರೀ?’ ಎಂದು ಅವಳು ಕೇಳಿದರೆ ಸವೇರಪ್ಪನದು ಒಂದೇ ಉತ್ತರ: ‘ಪ್ರಕಟಣಾ ಆಗೇತಿ.’

ಅಂದು ಚರ್ಚಿನಿಂದ ಮನೆಗೆ ನಡೆಯುವಾಗಲೂ ಹಾಗೆಯೇ ಆಯಿತು.

“ತೊಟ್ಟಲಾ ಯಾರದ್ರೀ?” ಎಂದಳು ಮರೆವ್ವ.

“ನಮ್ಮ ಬಾಜೂ ಮನಿ ಬಸಕ್ಕಂದು. ಅವರ ಅಜ್ಜಿ ಕಾಲದ್ದು. ಅಂಥಾದ್ದು ಈ ತಾಲ್ಲೂಕಿನ್ಯಾಗ ಇಲ್ಲ.”

“ಬಸಕ್ಕನ್ನ ಕೇಳೀರೇನು?”

“ಪ್ರಕಟಣಾ ಆಗೇತಿ.”

ಮರೆವ್ವ ನಡುದಾರಿಯಲ್ಲಿ ನಿಂತಳು. “ಅವರ ಮಗಳು ಅನ್ನಪೂರ್ಣಾ ಬಾಣಂತನಕ್ಕ ಬಂದಾಳ. ಹೊಸಾ ವರ್ಷಕ್ಕ ಅವರ ಮನ್ಯಾಗ ತೊಟ್ಟಲಾ ಕಟ್ಟಬೇಕು. ಅಂಥಾದ್ರಾಗ ನಿಮ್ಮ ಕೈಯಾಗ ಕೊಡತಾರ?”

“ನನ್ನ ಕೈಯಾಗ ಕೊಡೂದಿಲ್ಲ, ಖರೇ. ಅದಕ್ಕ ನೀ ಹೋಗಿ ಕೇಳಬೇ.”

ಮರೆವ್ವ ಹೋಗಿ ಕೇಳಿದಳು. ಬಸಕ್ಕ ದೊಡ್ಡ ಮನಸ್ಸಿನ ಹೆಂಗಸು. ಅಟ್ಟದಿಂದ ತೊಟ್ಟಿಲು ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು. ಕೆಂಪು, ಹಳದಿ, ಹಸಿರು ಅರಗಿನ ಬಣ್ಣ ನಿನ್ನೆ ಬಳಿದಂತೆ ಹೊಳೆಯಿತು. ಸುತ್ತ ಗಿಳಿಗಳು, ನಡುವಿನ ಪಟ್ಟಿಯ ಮೇಲೆ ಬೆಣ್ಣೆ ತಿನ್ನುವ ಕೃಷ್ಣ. ಸವೇರಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಜೊತೆಯಲ್ಲಿ ನೋಡಲು ಬಂದಿದ್ದ ಫಾದರಿಗೆ ಮಾತ್ರ ಸ್ವಲ್ಪ ಸಂಕೋಚ.

“ಇದರ ಮೇಲೆ ಶ್ರೀಕೃಷ್ಣ ಇದ್ದಾನಲ್ಲ, ಬಸಕ್ಕ?”

“ಇರಲಿ ಬಿಡ್ರಿ ಸ್ವಾಮಿಗಳ. ಅವನೂ ಕೂಸು, ಇವನೂ ಕೂಸು. ಕೂಸಿಗೆ ಜೋಡಿ ಬ್ಯಾಡೇನ್ರಿ?”

ಫಾದರ್ ನಕ್ಕು ಒಪ್ಪಿದರು. ಆದರೆ ಬಸಕ್ಕ ಒಂದು ಷರತ್ತು ಹಾಕಿದಳು. “ಖಾಲಿ ತೊಟ್ಟಲಾ ಕಟ್ಟಬಾರದು ನೋಡ್ರಿ. ಅಪಶಕುನ. ನನ್ನ ಮಗಳು ದಿನ ತುಂಬಿದಾಕಿ ಮನ್ಯಾಗ ಅದಾಳ. ಒಳಗ ಕೂಸು ಇರsಬೇಕು.”

ಇಲ್ಲಿ ಗಂಟು ಬಿತ್ತು. ಚರ್ಚಿನ ಪದ್ಧತಿಯಂತೆ ಗೋದಲಿ ಮೊದಲೇ ಕಟ್ಟಬಹುದು, ದನ-ಕುರಿ ನಿಲ್ಲಿಸಬಹುದು, ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಬೊಂಬೆಗಳನ್ನು ಒಂಟೆ ಹತ್ತಿಸಬಹುದು. ಆದರೆ ಬಾಲಯೇಸುವನ್ನು ಇಡುವುದು ಕ್ರಿಸ್‌ಮಸ್ಸಿನ ಹಿಂದಿನ ಸಂಜೆಯೇ. “ಹುಟ್ಟುವ ಮೊದಲೇ ತೊಟ್ಟಿಲಿಗೆ ಹಾಕಲಿಕ್ಕೆ ಆಗುತ್ತದಾ ಮಾರಾಯ್ರೆ?” ಎಂದು ಫಾದರ್ ಕೈಚೆಲ್ಲಿದರು. ಖಾಲಿ ಇಡಬಾರದು, ಕೂಸು ಇನ್ನೂ ಹುಟ್ಟಿಲ್ಲ. ಸವೇರಪ್ಪನಿಗೆ ಮೈಕ್ ಕೈಜಾರಿದಂತೆ ಅನಿಸಿತು.

ದಾರಿ ತೋರಿಸಿದವಳು ಮರೆವ್ವ. “ಗುಂಡಪ್ಪನ್ನ ಮಲಗಿಸೂಣು ತಗೋರಿ.”

ಆ ಕಡೆಯ ಊರುಗಳಲ್ಲಿ ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ಒರಳಿನ ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ, ಕಾಡಿಗೆ ಹಚ್ಚಿ, ಅದನ್ನು ಮಲಗಿಸಿ ತೂಗುತ್ತಾರೆ. ಆಮೇಲೆ ‘ಗುಂಡಪ್ಪನ್ನ ತಗೋರಿ, ಕೂಸಪ್ಪನ್ನ ಕೊಡ್ರಿ’ ಎಂದು ಹೇಳಿ ಕಲ್ಲು ಹೊರಗೆ ತೆಗೆದು ಕೂಸನ್ನು ಒಳಗೆ ಹಾಕುತ್ತಾರೆ. ದೃಷ್ಟಿ ಗಿಷ್ಟಿ ಏನಿದ್ದರೂ ಕಲ್ಲಿಗೆ ತಾಗಲಿ ಎಂದು. ಕಲ್ಲಿನಂತೆ ಗಟ್ಟಿಯಾಗಿರಲಿ ಎಂದೂ.

ಬಸಕ್ಕ ಒಪ್ಪಿದಳು. ಕಲ್ಲು ಎಲ್ಲಿಂದ ಬರಬೇಕು? ಮರೆವ್ವನ ಒರಳಿನಿಂದ. ಕೆಂಪು ಉಲ್ಲನ್ನಿನ ಟೊಪ್ಪಿಗೆ ಹಾಕಿಕೊಂಡು ಗುಂಡಪ್ಪ ಚರ್ಚಿಗೆ ಹೋಗಿ ತೊಟ್ಟಿಲಲ್ಲಿ ಮಲಗಿದ. ಮನೆಯಲ್ಲಿ ಒರಳು ಬಾಯಿ ತೆರೆದುಕೊಂಡು ಕೂತಿತು.

ಇದರ ಬಿಸಿ ಸವೇರಪ್ಪನಿಗೆ ಮಾರನೆಯ ದಿನವೇ ತಾಗಿತು. ಸಂತೆಗೆ ಕೆಂಪು ಹಣ್ಣುಮೆಣಸಿನಕಾಯಿ ಬಂದು ರಂಜಕ ಅರೆಯುವ ಕಾಲ ಅದು. ಬಿಸಿ ರೊಟ್ಟಿ, ಮೇಲೆ ಬೆಳ್ಳುಳ್ಳಿ ಹಾಕಿ ಅರೆದ ರಂಜಕ, ಅದರ ಮೇಲೆ ಹಸಿ ಎಣ್ಣೆ. ಅದಿಲ್ಲದೆ ಡಿಸೆಂಬರ್ ತಿಂಗಳು ಯಾತಕ್ಕೆ?

“ರಂಜಕ ಎಲ್ಲಿ ಬೇ?”

“ಗುಂಡಪ್ಪ ಚರ್ಚಿನ್ಯಾಗ ಮಲಗ್ಯಾನ್ರಿ.”

“ಮಿಕ್ಸರಿಗೆ ಹಾಕು.”

“ಮಿಕ್ಸರಿನ ಚಟ್ನಿ ನಾ ಮುಟ್ಟೂದಿಲ್ಲಂತ ಹಿಂದ ಎಲ್ಲಾರ ಮುಂದ ಹೇಳೀರಿ. ಪ್ರಕಟಣಾ ಆಗೇತಿ.”

ಸವೇರಪ್ಪ ಬರೀ ಮೊಸರು ಕಲಸಿಕೊಂಡು ರೊಟ್ಟಿ ತಿಂದ. ಆಗಮನ ಕಾಲದಲ್ಲಿ ಸ್ವಲ್ಪ ತ್ಯಾಗ ಮಾಡಬೇಕು ಎಂದು ಫಾದರ್ ಹೇಳಿದ್ದು ನೆನಪಾಯಿತು. ಇಷ್ಟು ಎಂದು ಹೇಳಿರಲಿಲ್ಲ.

ಆದರೂ ಉತ್ಸಾಹಕ್ಕೆ ಕೊರತೆಯಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಡೀನ್ ಗುರುಗಳು, ಅಂದರೆ ಸುತ್ತಲಿನ ಚರ್ಚುಗಳಿಗೆಲ್ಲ ಹಿರಿಯರು, ಎಲ್ಲ ಗೋದಲಿ ನೋಡಿಕೊಂಡು ಬಂದು ಚೆಂದದ್ದಕ್ಕೆ ಬಹುಮಾನದ ಢಾಲು ಕೊಡುವವರಿದ್ದರು. ಪ್ರತಿವರ್ಷ ಅದು ಮೋಟಾರು ಹಚ್ಚಿ ಝರಿ ಹರಿಸುವ ದೊಡ್ಡ ಚರ್ಚುಗಳ ಪಾಲು. ಈ ಸಲ ಬಿಡುವುದಿಲ್ಲ ಎಂದು ಸವೇರಪ್ಪ ಗಿರಣಿ ಬಂದ್ ಮಾಡಿ ಗೋದಲಿ ಕಟ್ಟಲು ನಿಂತ. ಭತ್ತದ ಹುಲ್ಲಿನ ಛಾವಣಿ. ಕಂಬಗಳು ಮಾತ್ರ ಕಬ್ಬಿನವು, ಗರಿ ಸಮೇತ. ನೋಡಲು ಅಗದಿ ಚೆಂದ. ಆ ಕಬ್ಬಿನ ಅಡ್ಡಕ್ಕೇ ತೊಟ್ಟಿಲು ತೂಗುಬಿಟ್ಟ.

ಕ್ರಿಸ್‌ಮಸ್ಸಿನ ಮುಂಚಿನ ಭಾನುವಾರ. ಚರ್ಚು ತುಂಬಿತ್ತು. ಸವೇರಪ್ಪ ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ತೊಟ್ಟಿಲ ಹಗ್ಗ ಹಿಡಿದ. “ಮಹಾಜನಗಳೇ, ಇತಿಹಾಸ ಆಗೂದನ್ನ ಕಣ್ಣ ತುಂಬ ನೋಡ್ರಿ” ಎಂದು ಒಮ್ಮೆ ಎಳೆದ. ತೊಟ್ಟಿಲು ತೂಗಿತು. ಇನ್ನೊಮ್ಮೆ ಎಳೆದ. ಗೋದಲಿಯೇ ತೂಗಿತು. ಲಟಲಟ ಎಂದು ಕಬ್ಬು ಮುರಿದು ಛಾವಣಿ ಕುಸಿಯಿತು. ತೊಟ್ಟಿಲು ಹುಲ್ಲಿನ ರಾಶಿಯ ಮೇಲೆ ಮೆತ್ತಗೆ ಕೂತಿತು, ಆದರೆ ಗುಂಡಪ್ಪ ಕೂರಲಿಲ್ಲ. ಟೊಪ್ಪಿಗೆ ಸಮೇತ ಹೊರಗೆ ಹಾರಿ, ಜ್ಞಾನಿಗಳಲ್ಲಿ ಒಬ್ಬನನ್ನು ಒಂಟೆಯಿಂದ ಕೆಡವಿ, ಗುಡುಗುಡು ಸದ್ದು ಮಾಡುತ್ತ ನಡುದಾರಿಯಲ್ಲಿ ಉರುಳತೊಡಗಿದ.

“ಅಯ್ಯಯ್ಯ, ಕೂಸು ಬಿತ್ತs!” ಎಂದು ಹಿಂದಿನಿಂದ ಒಬ್ಬ ಮುದುಕಿ ಚೀರಿದಳು. ಜನ ಕಾಲು ಮೇಲೆತ್ತಿಕೊಂಡರು. ಕಡೆಯ ಬೆಂಚಿನ ಕಾಲಿಗೆ ಬಡಿದು ಗುಂಡಪ್ಪ ನಿಂತ. ಬೆಂಚು ಬಿರುಕು ಬಿಟ್ಟಿತು. ಗುಂಡಪ್ಪನಿಗೆ ಏನೂ ಆಗಲಿಲ್ಲ.

ಫಾದರ್ ಲ್ಯಾನ್ಸಿಯವರು ಸಿಟ್ಟಾಗುವವರಲ್ಲ. ಅಂದು ಮಾತ್ರ ಮುಖ ಕೆಂಪಾಗಿತ್ತು. “ಸವೇರಪ್ಪನವರೇ, ನೀವೇ ಹೇಳಿದ ಮಾತು. ಡೀನ್ ಗುರುಗಳು ಬರುವಾಗ ತೊಟ್ಟಿಲು ನೆಟ್ಟಗೆ ತೂಗದಿದ್ದರೆ ಮೈಕ್ ಬೇರೆಯವರಿಗೆ. ಆಯ್ತಾ?”

ಸವೇರಪ್ಪ ಕೈಯಲ್ಲಿದ್ದ ಮೈಕಿನ ಕಡೆ ನೋಡಿದ. ಮೈಕಿಲ್ಲದ ಭಾನುವಾರ! ಇನ್ನು ಗಿರಣಿಯಲ್ಲಿ ಜೋಳದ ಚೀಲಗಳಿಗೆ ಜಪಸರದ ಸುದ್ದಿ ಹೇಳಬೇಕೇ? ಅವನು ತೊಟ್ಟಿಲನ್ನು ತಡವಿ ತಡವಿ ನೋಡಿದ. ಗಿಳಿಗಳೂ ಕೃಷ್ಣನೂ ಕ್ಷೇಮವಾಗಿದ್ದರು. ಅಷ್ಟರ ಮಟ್ಟಿಗೆ ಜೀವ ಬಂತು. ತಲೆ ತಗ್ಗಿಸಿಕೊಂಡೇ ಬಸಕ್ಕನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ.

ಬಸಕ್ಕ ಬೈಯಲಿಲ್ಲ. ಒಳಗೆ ಹೋಗಿ ಸಾಗವಾನಿಯ ಎರಡು ಕಂಬ, ಒಂದು ಅಡ್ಡಪಟ್ಟಿ ಹೊರಗೆ ತಂದಿಟ್ಟಳು. ಅವಕ್ಕೂ ಅದೇ ಬಣ್ಣ, ಅವೇ ಗಿಳಿಗಳು.

“ತೊಟ್ಟಲಾ ಕಟ್ಟೂ ಸ್ಟ್ಯಾಂಡ್ ತಮ್ಮಾ. ಅದರ ಜೋಡೀನs ಬಂದದ್ದು.”

“ಯಕ್ಕಾ, ಇದನ್ನ ಮೊದಲs ಯಾಕ ಕೊಡಲಿಲ್ಲ?”

“ನೀ ಎಲ್ಲಿ ಕೇಳೀದಿ? ನೀ ಪ್ರಕಟಣಾ ಮಾಡೀದಿ.”

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಬಂತು. ಅಡವಿಯ ದಾರಿ, ಜನ ಹೊತ್ತಿಗೆ ಮನೆ ಸೇರಲಿ ಎಂದು ಪೂಜೆಯನ್ನು ಬೇಗನೆ ಇಟ್ಟಿದ್ದರು. ಸಾಗವಾನಿ ಕಂಬದಲ್ಲಿ ತೊಟ್ಟಿಲು ಗತ್ತಿನಿಂದ ನಿಂತಿತ್ತು. ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಸಕ್ಕ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಅವಳ ತೊಟ್ಟಿಲು, ಅವಳ ಕಾರ್ಯ. ಡೀನ್ ಗುರುಗಳು ಬೇರೆ ಗೋದಲಿ ನೋಡುತ್ತ ತಡವಾಗಿದ್ದರು. ಸವೇರಪ್ಪ ಇಸ್ತ್ರಿ ಅಂಗಿ ತೊಟ್ಟು ಮೈಕ್ ಹಿಡಿದು ತೊಟ್ಟಿಲ ಪಕ್ಕದಲ್ಲಿ ನಿಂತಿದ್ದ. ಗಾಯನ ಏರಿತು, ಗಂಟೆ ಮೊಳಗಿತು, ಫಾದರ್ ಬಾಲಯೇಸುವನ್ನು ಎತ್ತಿಕೊಂಡು ಬಂದು ತೊಟ್ಟಿಲ ಮೇಲೆ ಬಾಗಿದರು.

“ತಡೀರಿ ಸ್ವಾಮಿಗಳ” ಎಂದು ಬಸಕ್ಕ ಎದ್ದಳು. ಗಾಯನ ನಿಂತಿತು. “ಮೊದಲ ಗುಂಡಪ್ಪನ್ನ ತಗೀಬೇಕ್ರಿ.”

ಮರೆವ್ವ ಬಂದು ಗುಂಡಪ್ಪನನ್ನು ಎತ್ತಿದಳು. ಹೆಂಗಸರೆಲ್ಲ ಒಟ್ಟಿಗೆ ಅಂದರು: “ಗುಂಡಪ್ಪನ್ನ ತಗೋರಿ, ಕೂಸಪ್ಪನ್ನ ಕೊಡ್ರಿ.” ಫಾದರ್ ಒಂದು ಕ್ಷಣ ಬೆಪ್ಪಾಗಿ ನಿಂತು, ಆಮೇಲೆ ಮುಖ ಅರಳಿಸಿ ಕೂಸನ್ನು ಕೊಟ್ಟರು. ಬಾಲಯೇಸು ಕಲಘಟಗಿ ತೊಟ್ಟಿಲಲ್ಲಿ ಮಲಗಿದ. ತೊಟ್ಟಿಲು ತೂಗಿತು. ಚರ್ಚಿನಲ್ಲಿ ಎಲ್ಲರ ಕಣ್ಣೂ ಒದ್ದೆಯಾಯಿತು.

ಇನ್ನು ಗುಂಡಪ್ಪ? ಮರೆವ್ವ ಅವನನ್ನು ಗಂಡನ ತೋಳಿಗೆ ಹಾಕಿದಳು. ಕಲ್ಲು ಹಿಡಿಯಲು ಎರಡೂ ಕೈ ಬೇಕು. ಮೈಕ್ ಮರೆವ್ವನ ಕೈಗೆ ಬಂತು.

“ತಮ್ಮಾ, ಮನಿ ಮುಟ್ಟೂ ತನಕ ನೆಲಕ್ಕ ಇಡಬ್ಯಾಡ” ಎಂದಳು ಬಸಕ್ಕ. “ಮಗಳು ಮನ್ಯಾಗ ಅದಾಳ.”

ಅಂದಮೇಲೆ ಮುಗಿಯಿತು. ಎಲ್ಲರೂ ನಿಂತಾಗ ಸವೇರಪ್ಪ ಗುಂಡಪ್ಪನ ಸಮೇತ ನಿಂತ, ಮೊಣಕಾಲೂರಿದಾಗ ಗುಂಡಪ್ಪನ ಸಮೇತ ಊರಿದ, ಏಳಲು ಇಬ್ಬರು ಹಿಡಿದೆತ್ತಬೇಕಾಯಿತು. ನಡುವೆ ಡೀನ್ ಗುರುಗಳು ಬಂದು ಸೇರಿ, ಪರಮಪ್ರಸಾದ ಕೊಡಲು ನಿಂತರು. ಪರಮಪ್ರಸಾದದ ಸಾಲಿನಲ್ಲಿ ಸವೇರಪ್ಪ ಎದುರಿಗೆ ಬಂದಾಗ ಆ ಹಿರಿಯರು ಕೆಂಪು ಟೊಪ್ಪಿಗೆಯ ಮೇಲೆ ಮೃದುವಾಗಿ ಕೈಯಿಟ್ಟು ಆಶೀರ್ವದಿಸಿ, “ಹೆಸರೇನು?” ಎಂದು ಪಿಸುಗುಟ್ಟಿದರು.

ಸುಳ್ಳು ಹೇಳುವ ಜಾಗವಲ್ಲ. “ಗುಂಡಪ್ಪ ರೀ” ಎಂದ ಸವೇರಪ್ಪ.

ಪೂಜೆ ಮುಗಿದ ಮೇಲೆ ಡೀನ್ ಗುರುಗಳು ಎದ್ದರು. “ಈ ವರ್ಷದ ಢಾಲು ಈ ಧರ್ಮಕೇಂದ್ರಕ್ಕೆ. ಇಂಥ ತೊಟ್ಟಿಲನ್ನು ನಾನು ಎಲ್ಲಿಯೂ ಕಾಣಲಿಲ್ಲ.” ಚರ್ಚು ಹಾರಿಹೋಗುವಂಥ ಚಪ್ಪಾಳೆ. “ಹಾಗೆಯೇ ಈ ವಯಸ್ಸಿನಲ್ಲಿ ದೇವರು ಗಂಡುಮಗುವನ್ನು ಕರುಣಿಸಿದ ಆ ಹಿರಿಯರಿಗೂ ನನ್ನ ಅಭಿನಂದನೆ. ಎಂಥ ಶಾಂತ ಮಗು! ಪೂಜೆಯುದ್ದಕ್ಕೂ ಒಮ್ಮೆಯೂ ಅಳಲಿಲ್ಲ.”

ಚಪ್ಪಾಳೆ ಹೊಡೆಯುತ್ತಿದ್ದ ಕೈಗಳು ಬಾಯಿಗೆ ಹೋದವು. ಸವೇರಪ್ಪ ಬಾಯಿ ತೆರೆದ, ಆದರೆ ಮೈಕಿಲ್ಲದ ಅವನ ಮಾತು ಆ ನಗೆಯಲ್ಲಿ ಯಾರಿಗೂ ಕೇಳಲಿಲ್ಲ. ಮರೆವ್ವ ಮೈಕನ್ನು ಬಾಯಿಯ ಹತ್ತಿರ ತಂದಳು.

“ಕ್ಷಮಾ ಮಾಡ್ರಿ ಗುರುಗಳ. ಅದು ಕೂಸಲ್ರಿ, ನಮ್ಮ ಒರಳಿನ ಗುಂಡಕಲ್ಲು. ನನಗ ಈ ವಯಸ್ಸಿನ್ಯಾಗ ಇವರೊಬ್ಬರನ್ನ ಸಂಭಾಳಿಸೂದs ಸಾಕಾಗೇತಿ.”

ನಗೆ ಇಳಿಯಲು ಬಹಳ ಹೊತ್ತು ಹಿಡಿಯಿತು. ಡೀನ್ ಗುರುಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮರೆವ್ವ ಮೈಕ್ ಬಿಡಲಿಲ್ಲ. “ಹೆಂಗೂ ಕೈಯಾಗ ಐತಿ, ಈ ವಾರದ ಪ್ರಕಟಣಾ ಹೇಳಿಬಿಡತೇನ್ರಿ. ಗುರುವಾರ ಜಪಸರ ಚರ್ಚಿನ್ಯಾಗ. ಗಾಯನದವರು ಶನಿವಾರ ಸಂಜೀಕ ಬರ್ರಿ. ಹೊಸಾ ವರ್ಷದ ದಿನ ಎಲ್ಲಾರಿಗೂ ಇಲ್ಲೇ ರೊಟ್ಟಿ ಊಟ, ಬಸಕ್ಕನ ಓಣಿಯವರೂ ಬರಬೇಕು. ಊಟಕ್ಕ ರಂಜಕ. ಅಷ್ಟೂ ಮಂದಿಗೆ ರಂಜಕ ಅರಿಯೋರು…” ಎಂದು ಗಂಡನ ಕಡೆ ನೋಡಿದಳು. “ಸವೇರಪ್ಪನವರು. ಒರಳಿನ್ಯಾಗ. ಗುಂಡಪ್ಪ ಹೆಂಗೂ ಅವರ ಕೈಯಾಗ ಅದಾನ.”

“ಮರೆವ್ವಾ, ನನ್ನ ಒಂದ ಮಾತು ಕೇಳಬಾರದೇನ?” ಎಂದ ಸವೇರಪ್ಪ ಸಣ್ಣ ದನಿಯಲ್ಲಿ.

“ಪ್ರಕಟಣಾ ಆಗೇತ್ರಿ” ಎಂದಳು ಮರೆವ್ವ, ಮೈಕಿನಲ್ಲಿ.

ಇಡೀ ಚರ್ಚು ‘ಆಮೆನ್’ ಎಂದಿತು. ಗುಂಡಪ್ಪನನ್ನು ಎದೆಗವಚಿಕೊಂಡು ನಿಂತಿದ್ದ ಸವೇರಪ್ಪನೂ ರೂಢಿಯ ಬಲದಿಂದ, ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಎಂದುಬಿಟ್ಟಿದ್ದ.