ಎರಡು ಗಂಟೆಯ ಹಿಂದೆ

ಬಾಲ್ಕನಿ ಅಜ್ಜಿಗೆ ಕಪಾಟಿನ ತಳಕ್ಕೆ ಹಾಸಲು ಕಾಗದ ಬೇಕಾಯಿತು. ಅಷ್ಟೇ. ಒಬ್ಬ ಬಡಪಾಯಿಯ ಬದುಕನ್ನು ಬುಡಮೇಲು ಮಾಡಲು ಭಗವಂತನಿಗೆ ಸಿಡಿಲು, ಪ್ರಳಯ ಏನೂ ಬೇಡ, ಇಷ್ಟು ಸಾಕು.

ಆ ಐದು ಮಹಡಿಯ ಕಟ್ಟಡದವರೆಲ್ಲ ಸೇರಿ ಹರಟೆಗೆ, ದೂರಿಗೆ, ಜಗಳಕ್ಕೆ ಎಂದು ಅಂತರ್ಜಾಲದಲ್ಲಿ ಒಂದು ತಾಣ ಮಾಡಿಕೊಂಡಿದ್ದರು. ಅದರ ಹೆಸರು ‘ಜಗಲಿ’. ನೋಡಿಕೊಳ್ಳುವವರು ನೆಲಮಹಡಿಯ ಭೂಗೋಳದ ಮೇಷ್ಟ್ರು. ಮೊಬೈಲು ಒತ್ತಲು ಬಾರದ ಹಿರಿಯರು ಊರ ಸುದ್ದಿಯಿಂದ ವಂಚಿತರಾಗಬಾರದೆಂದು ಅವರು ವಾರಕ್ಕೊಮ್ಮೆ ಜಗಲಿಯ ಮೊದಲ ಪುಟವನ್ನು ಪ್ರಿಂಟ್ ತೆಗೆದು ಲಿಫ್ಟಿನ ಪಕ್ಕದ ಬೋರ್ಡಿಗೆ ಚುಚ್ಚುತ್ತಿದ್ದರು. ಹಳೆಯದನ್ನು ಕೀಳುವ ಪದ್ಧತಿ ಇಲ್ಲ. ಅದರ ಮೇಲೇ ಹೊಸದು. ಹೀಗೆ ವರ್ಷಗಟ್ಟಲೆ ಬೆಳೆದು ಆ ಬೋರ್ಡು ಎಲೆಕೋಸಿನಂತೆ ಪದರುಪದರಾಗಿ ಉಬ್ಬಿತ್ತು.

ಆ ಬೆಳಗ್ಗೆ ಅಜ್ಜಿ ಎಲೆಕೋಸನ್ನು ಒಂದು ಹಿಡಿ ದಪ್ಪಕ್ಕೆ ಕಿತ್ತುಕೊಂಡು ಹೋದರು. ಉಳಿದದ್ದು ಬುಡದ ಹಾಳೆ. ಬೆಳಕನ್ನೇ ಕಾಣದೆ ಮಲಗಿದ್ದ ಆ ಹಾಳೆ ಈಗತಾನೇ ಇಸ್ತ್ರಿಯಾದ ಅಂಗಿಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದರಲ್ಲಿ ಹೀಗಿತ್ತು:

‘ಮೂರನೇ ಮಹಡಿ, ಎಡಗಡೆ ಮನೆ: ಬೇಕಾದರೆ ಕೋತಿಯ ಕೈಗೆ ಮಾಣಿಕ್ಯ ಕೊಡಿ, ಪಕ್ಕದ ಬೀದಿಯ ಡಾಕ್ಟರ ಕೈಗೆ ಮಾತ್ರ ಹಲ್ಲು ಕೊಡಬೇಡಿ. ನೋಯುವ ಹಲ್ಲನ್ನು ಬಿಟ್ಟು ಪಕ್ಕದ್ದನ್ನು ಕೀಳುವ ಪುಣ್ಯಾತ್ಮ. ಹೋಗುವವರು ಉಯಿಲು ಬರೆದಿಟ್ಟು ಹೋಗಿ.’

ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ‘ಎರಡು ಗಂಟೆಯ ಹಿಂದೆ.’

ಮೂರನೇ ಮಹಡಿಯ ಎಡಗಡೆ ಮನೆಯವನನ್ನು ಎಲ್ಲರೂ ಹಲ್ಲಣ್ಣ ಎನ್ನುತ್ತಿದ್ದರು. ಹಿಂದೆ ಅವನು ಪ್ಲಾಸ್ಟರ್ ಗೊಂಬೆ ಮಾಡುತ್ತಿದ್ದವನು. ಡಾಕ್ಟರು ತಪ್ಪಾಗಿ ಕಿತ್ತ ಹಲ್ಲಿನ ಜಾಗಕ್ಕೆ ತಾನೇ ಒಂದು ಹಲ್ಲು ಮಾಡಿ ಕೂರಿಸಿಕೊಂಡಿದ್ದ. ಅದನ್ನು ನೋಡಿ ಬೆರಗಾದ ಅದೇ ಡಾಕ್ಟರು ಅವನನ್ನು ತಮ್ಮಲ್ಲೇ ಕಟ್ಟುಹಲ್ಲು ಮಾಡುವ ಕೆಲಸಕ್ಕೆ ಇಟ್ಟುಕೊಂಡರು; ಆಮೇಲೆ ಇದೇ ಕಟ್ಟಡದ ಐದನೇ ಮಹಡಿಗೆ ಬಾಡಿಗೆಗೂ ಬಂದರು. ಅಲ್ಲಿಂದ ಹಲ್ಲಣ್ಣನ ಕೈಯಲ್ಲಿ ಬೆಂದ ಹಲ್ಲುಗಳು ಊರ ತುಂಬ ನಗುತ್ತಿದ್ದವು.

ಒಂದೇ ಒಂದು ಸಲ ಎಡವಟ್ಟಾಗಿತ್ತು. ದೊಡ್ಡ ಆಸ್ಪತ್ರೆಯ ಉದ್ಘಾಟನೆಗೆ ಬಂದ ಮಂತ್ರಿಗೆ ಬೆಳಗ್ಗೆ ಪಾತ್ರೆಯಲ್ಲಿ ಬೇಯಿಸಿ ಮಧ್ಯಾಹ್ನ ಕೊಟ್ಟ ಹಲ್ಲು ಸಂಜೆ ಭಾಷಣದ ನಡುವೆ ಎರಡು ಹೋಳಾಗಿ ಮೈಕಿಗೆ ಹೋಗಿ ಬಡಿಯಿತು. ಆ ಆಸ್ಪತ್ರೆಯಲ್ಲಿ ಸಿಗಬೇಕಿದ್ದ ಕೆಲಸ ಡಾಕ್ಟರ ಕೈತಪ್ಪಿತು. “ಪಾತ್ರೆ ಮುಂದೆ ಕಣ್ಣು ಮಿಟುಕಿಸದೆ ನಿಂತಿದ್ದೆ ಸಾರ್. ಸಾಮಾನೇ ಕಲಬೆರಕೆ,” ಎಂದು ಹಲ್ಲಣ್ಣ ಗಳಗಳ ಅತ್ತ. ಸಾಮಾನು ತರಿಸಿಕೊಡುತ್ತಿದ್ದವನು ಡಾಕ್ಟರ ಸ್ವಂತ ಭಾವಮೈದುನ. ಅವತ್ತಿನಿಂದ ಡಾಕ್ಟರು ಅವನ ಮುಖ ನೋಡಿದವರಲ್ಲ. ಅದಕ್ಕೇ ಅವರ ಹೆಂಡತಿಯೂ ಡಾಕ್ಟರ ಮುಖವನ್ನು ಬೇಕಾದಷ್ಟೇ ನೋಡುತ್ತಿದ್ದರು.

ಈ ದಿನ ಸಂಜೆ ಐದಕ್ಕೆ ಪೇಂಟರ್ ಬಂದು ಪಕ್ಕದ ಬೀದಿಯ ಹಲ್ಲಿನ ಆಸ್ಪತ್ರೆಯ ಬೋರ್ಡಿನಲ್ಲಿ ಡಾಕ್ಟರ ಹೆಸರಿನ ಕೆಳಗೆ ಹಲ್ಲಣ್ಣನ ಹೆಸರು ಬರೆಯಬೇಕಿತ್ತು. ಇನ್ನು ಅವನು ಪಾಲುದಾರ. ಅವನ ಹೆಂಡತಿ ಆಗಲೇ ತವರಿಗೆ ಫೋನ್ ಮಾಡಿ ಹೇಳಿಯಾಗಿತ್ತು.

ಊಟದ ಡಬ್ಬಿ ಹಿಡಿದು ಹಲ್ಲಣ್ಣ ಕೆಳಗಿಳಿದಾಗ ಡಾಕ್ಟರು ಬೋರ್ಡಿನ ಮುಂದೆ ಕನ್ನಡಕ ಏರಿಸಿ ನಿಂತಿದ್ದರು.

“ಬನ್ನಿ ಪಾಲುದಾರರೇ. ಎರಡು ಗಂಟೆ ಹಿಂದೆ ನೀವು ಎಲ್ಲಿದ್ರಿ?”

“ನಿಮ್ಮನೇಲೇ ಸಾರ್. ಕಾಫಿ ಕೊಟ್ರಲ್ಲ.”

“ಕಾಫಿ ಕುಡಿದು, ಬಾಯಿ ಒರೆಸ್ಕೊಂಡು, ಕೆಳಗೆ ಬಂದು ಇದನ್ನ ಬರೆದ್ಯಾ?”

ಹಲ್ಲಣ್ಣ ಓದಿದ. ಅವನ ಬಾಯಲ್ಲಿದ್ದ ಮೂವತ್ತೊಂದು ಸ್ವಂತ ಹಲ್ಲೂ ಒಂದು ಮಾಡಿದ ಹಲ್ಲೂ ಒಟ್ಟಿಗೆ ಕಟಕಟ ಎಂದವು.

“ಅಯ್ಯೋ ಸಾರ್, ಇದು ಯಾವ ಕಾಲದ್ದೋ! ನಿಮ್ಮ ಹತ್ರ ಕೆಲಸಕ್ಕೆ ಸೇರೋಕೂ ಮೊದಲಿಂದು!”

“ನಿನ್ನೆ ಇರ್ಲಿಲ್ಲಪ್ಪ ಈ ಕಾಗದ,” ಎಂದು ಹಿಂದಿನಿಂದ ಬಾಲ್ಕನಿ ಅಜ್ಜಿ ಸಾಕ್ಷಿ ನುಡಿದರು. “ದಿನಾ ಓದ್ತೀನಲ್ಲ, ನಂಗೊತ್ತಿಲ್ವಾ? ಇವತ್ತು ಬೆಳಗ್ಗೆ ತಾನೇ ಬಂತು.”

ಹಲ್ಲಣ್ಣ ಮೊಬೈಲು ತೆಗೆದು ಜಗಲಿಯಲ್ಲಿ ಆ ಬರಹವನ್ನು ಹುಡುಕಿದ. ಸಿಕ್ಕಿತು. ಆದರೆ ತಿಂಗಳು ದಾಟಿದ ಮಾತಿಗೆಲ್ಲ ಜಗಲಿ ಒಂದೇ ಗುರುತು ಹಾಕುತ್ತಿತ್ತು: ‘ಬಹಳ ಹಿಂದೆ.’

“ನೋಡಿ ಸಾರ್, ಬಹಳ ಹಿಂದೆ!”

“ಬಹಳ ಅಂದ್ರೆ ಎಷ್ಟು? ನಮ್ಮ ತಾತ ಹುಟ್ಟಿದ್ದೂ ಬಹಳ ಹಿಂದೆ, ಕೆಟ್ಟುಹೋದ ದೀಪ ರಿಪೇರಿಗೆ ಕೊಟ್ಟಿದ್ದೂ ಬಹಳ ಹಿಂದೆ.” ಡಾಕ್ಟರ ದನಿ ತಣ್ಣಗಿತ್ತು, ಹಲ್ಲು ಕೀಳುವ ಮುಂಚೆ ಅವರು ಹಾಗೆಯೇ ಮಾತಾಡುವುದು. “ನೋಡು, ನನ್ನ ಉಪ್ಪು ತಿನ್ನೋಕೆ ಮೊದಲು ಬರೆದಿದ್ರೆ ಅದು ರೋಗಿಯ ಸಂಕಟ. ಕ್ಷಮಿಸ್ತೀನಿ. ತಿಂದ ಮೇಲೆ ಬರೆದಿದ್ರೆ ಉಂಡ ಮನೆಯ ಜಂತೆ ಎಣಿಸೋ ಬುದ್ಧಿ. ಐದು ಗಂಟೆ ಒಳಗೆ ತಾರೀಖು ತೋರಿಸು. ಇಲ್ಲಾಂದ್ರೆ ಬೋರ್ಡಿನ ಮೇಲೂ ನಾನೊಬ್ಬನೇ, ಒಳಗೂ ನಾನೊಬ್ಬನೇ.”

ಡಾಕ್ಟರು ಹೋದರು. ಹಲ್ಲಣ್ಣ ಅಜ್ಜಿಯ ಕಾಲಿಗೆ ಬೀಳುವುದೊಂದು ಬಾಕಿ. “ಅಜ್ಜಿ, ಇದರ ಮೇಲಿದ್ದ ಕಾಗದ ಎಲ್ಲಿ?”

“ಕಪಾಟಲ್ಲಿ. ಪಾತ್ರೆ ಎಲ್ಲ ಜೋಡಿಸಿಬಿಟ್ಟೆ ಕಣಪ್ಪ.”

ಅವನು ಪಾತ್ರೆಗಳನ್ನೆಲ್ಲ ಇಳಿಸಿದ. ಒಂದು ಪಿಂಗಾಣಿ ತಟ್ಟೆ ಕೈಜಾರಿ ಒಡೆಯಿತು. ಅದು ಅಜ್ಜಿಯ ಸತ್ತ ಗಂಡ ಅಪರೂಪಕ್ಕೆ ಪ್ರೀತಿಯಿಂದ ತಂದುಕೊಟ್ಟ ತಟ್ಟೆ ಎಂದು ಆಮೇಲೆ ತಿಳಿಯಿತು. ಒಂದೊಂದೇ ಹಾಳೆ ಎಳೆದು ಓದಿದ. ‘ಮೂರು ಗಂಟೆಯ ಹಿಂದೆ.’ ‘ನಿನ್ನೆ.’ ‘ಸ್ವಲ್ಪ ಹೊತ್ತಿನ ಮುಂಚೆ.’ ವರ್ಷಗಟ್ಟಲೆ ಹಾಳೆಗಳಲ್ಲಿ ಒಂದು ತಾರೀಖಿಲ್ಲ. ಆ ಕಪಾಟಿನೊಳಗೆ ಕಾಲ ಸತ್ತುಬಿದ್ದಿತ್ತು. ಎಲ್ಲ ನಿನ್ನೆಗಳೂ ಒಂದೇ ನಿನ್ನೆಯಾಗಿದ್ದವು. ಅವನು ಹಾಳೆಗಳನ್ನು ಮತ್ತೆ ಹಾಸಿ, ಪಾತ್ರೆಗಳನ್ನು ಮತ್ತೆ ಜೋಡಿಸಿ, ಅಜ್ಜಿಯ ಕಣ್ಣೀರನ್ನೂ ಬೈಗುಳವನ್ನೂ ಸಮಪಾಲು ಪಡೆದು, ಮೇಷ್ಟ್ರ ಬಾಗಿಲು ಬಡಿದ.

ಮೇಷ್ಟ್ರು ಕೆಳದವಡೆಯ ಹಲ್ಲುಸೆಟ್ಟನ್ನು ಲೋಟದ ನೀರಿನಲ್ಲಿ ಮುಳುಗಿಸಿ ಧ್ಯಾನಕ್ಕೆ ಕೂತಿದ್ದರು. ಅಹವಾಲು ಕೇಳಿ ಬೊಚ್ಚು ಬಾಯಲ್ಲಿ ನಕ್ಕರು.

“ತಾರೀಖು ಒಳಗೆ ಇದೆಯಪ್ಪ, ಎಲ್ಲದಕ್ಕೂ ಇದೆ. ನಾನೇ ಮುಚ್ಚಿಟ್ಟಿದ್ದೀನಿ. ಮನುಷ್ಯನಿಗೆ ಮರೆವು ಅಂತ ಒಂದು ಕೊಟ್ಟಿದ್ದಾನಲ್ಲ ಮೇಲಿರೋನು, ಯಾಕೆ? ಆಡಿದ ಮಾತಿಗೆಲ್ಲ ಮೊಳೆ ಹೊಡೆದು ದಿನ ಬರೆದಿಟ್ರೆ ಲೋಕ ಉಳಿಯುತ್ತಾ?”

“ಲೋಕ ಹಾಳಾಗಿ ಹೋಗ್ಲಿ ಮೇಷ್ಟ್ರೇ. ನನ್ನ ಬೋರ್ಡು ಉಳಿಸಿ.”

“ಒಬ್ಬನಿಗೆ ಮಾತ್ರ ತೋರಿಸೋಕೆ ಬರಲ್ಲ. ತೆರೆದ್ರೆ ಎಲ್ಲರದ್ದೂ ತೆರೆಯುತ್ತೆ, ಪ್ರತಿಯೊಂದು ಮಾತಿಂದೂ, ಗಂಟೆ ನಿಮಿಷದ ಸಮೇತ. ಯೋಚನೆ ಮಾಡು.”

“ಮಾಡಿದ್ದಾಯ್ತು. ತೆರೀರಿ!”

“ಮೊದಲು ಈ ಹಲ್ಲು ನೋಡು. ಒಸಡಿಗೆ ಚುಚ್ಚುತ್ತೆ.”

ಬೇರೆ ದಾರಿಯಿಲ್ಲ. ಹಲ್ಲಣ್ಣ ಅಲ್ಲೇ ನೆಲದ ಮೇಲೆ ಕೂತು, ಮೇಷ್ಟ್ರ ಮಗಳ ಉಗುರುಜ್ಜುವ ಅರದಿಂದ ಹಲ್ಲುಸೆಟ್ಟನ್ನು ಉಜ್ಜಿದ. ಹಾಕಿ ನೋಡುವುದು, “ಇನ್ನೂ ಚೂರು,” ಎನ್ನುವುದು, ಮತ್ತೆ ಉಜ್ಜುವುದು. ಗೋಡೆಯ ಗಡಿಯಾರ ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಮಧ್ಯೆ ಹೆಂಡತಿಯ ಫೋನು. “ನಮ್ಮಮ್ಮ ಬೋರ್ಡಿನ ಫೋಟೋ ಕೇಳ್ತಿದ್ದಾರೆ ರೀ. ಹೊರಟ್ರಾ?” “ಹೊರಟೆ ಹೊರಟೆ,” ಎಂದು ಅವನು ಹಲ್ಲು ಕಚ್ಚಿ ಹೇಳಿದ, ಕೈಯಲ್ಲಿ ಮೇಷ್ಟ್ರ ಹಲ್ಲು.

ನಾಲ್ಕೂವರೆಗೆ ಮೇಷ್ಟ್ರು ಹಲ್ಲು ಕೂರಿಸಿಕೊಂಡು, ಕಣ್ಣು ಮುಚ್ಚಿ ದೇವರನ್ನು ನೆನೆದು, ಒಂದು ಗುಂಡಿ ಒತ್ತಿದರು.

ಮೊದಲು ಎರಡನೇ ಮಹಡಿಯಲ್ಲಿ ಏನೋ ಬಿದ್ದ ಸದ್ದು. ‘ಕೋರ್ಟಿನಲ್ಲಿ ಕೇಸಿತ್ತು’ ಎಂದು ವಕೀಲರು ಹೇಳಿದ್ದ ಮಧ್ಯಾಹ್ನವೇ ‘ಟೆರೇಸಿನಲ್ಲಿ ಚೆಸ್ ಆಡಲು ಯಾರಿದ್ದೀರಿ?’ ಎಂದು ಕೇಳಿದ್ದು ಅವರ ಹೆಂಡತಿಯ ಕಣ್ಣಿಗೆ ಬಿದ್ದಿತ್ತು. ‘ನಂಗೆ ಕಣ್ಣು ಕಾಣಲ್ಲಮ್ಮ, ಕತ್ತಲಾದ್ರೆ ಮಲಗಿಬಿಡ್ತೀನಿ’ ಎನ್ನುತ್ತಿದ್ದ ನಾಲ್ಕನೇ ಮಹಡಿಯ ಅತ್ತೆ, ನಡುರಾತ್ರಿ ಎದ್ದು ಸೊಸೆಯ ಸಾರಿನ ಬಗ್ಗೆ ಬರೆದದ್ದು ಸೊಸೆಗೆ ಸಿಕ್ಕಿತ್ತು. ಬಾಗಿಲುಗಳು ದಡಾರನೆ ತೆರೆದವು. ಮೆಟ್ಟಿಲ ತುಂಬ ಕೂಗು. ಹಲ್ಲಣ್ಣನ ಕಿವಿಗೆ ಅದೊಂದೂ ಬೀಳಲಿಲ್ಲ. ಗಾಳಿಯಲ್ಲಿ ದೀಪ ಕಾಪಾಡುವವನ ಹಾಗೆ ಮೊಬೈಲನ್ನು ಎದೆಗವಚಿಕೊಂಡು ಅವನು ಪಕ್ಕದ ಬೀದಿಗೆ ಓಡಿದ.

ಪೇಂಟರ್ ಏಣಿ ಹತ್ತಿಯಾಗಿತ್ತು. ಹಲ್ಲಣ್ಣ ಏದುಸಿರು ಬಿಡುತ್ತ ಮೊಬೈಲು ಚಾಚಿದ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ತಾರೀಖು ಓದಿದರು, ಬೆರಳು ಮಡಿಸಿ ಲೆಕ್ಕ ಹಾಕಿದರು. ಅವರ ಮುಖ ನಿಧಾನವಾಗಿ ಅರಳಿತು.

“ನಾನು ಕೆಲಸ ಕೊಡೋಕೆ ಒಂದು ತಿಂಗಳು ಮುಂಚೆ! ಸತ್ಯವಂತ ಕಣೋ ನೀನು. ಸುಮ್ಮನೆ ನೋಯಿಸಿಬಿಟ್ಟೆ.” ಅವನನ್ನು ಬಾಚಿ ತಬ್ಬಿಕೊಂಡರು. “ಬರೀಯಪ್ಪ ಹೆಸರು! ದಪ್ಪಗೆ ಬರಿ!”

ಪೇಂಟರ್ ಮೊದಲ ಅಕ್ಷರ ಬರೆದ. ಹಲ್ಲಣ್ಣನ ಕಣ್ಣು ಮಂಜಾಯಿತು. ಅದರ ಫೋಟೋ ತೆಗೆಯೋಣವೆಂದರೆ ಮೊಬೈಲು ಇನ್ನೂ ಡಾಕ್ಟರ ಕೈಯಲ್ಲೇ ಇತ್ತು. ಅವರು ಖುಷಿಯಲ್ಲಿ ಅವನ ಹಳೆಯ ಬರಹಗಳನ್ನೆಲ್ಲ ಮೇಲೆ ಕೆಳಗೆ ಸರಿಸುತ್ತಿದ್ದರು.

“ಎಂಥ ಒಳ್ಳೇ ವ್ಯವಸ್ಥೆ ಕಣೋ ಇದು! ಯಾರು ಯಾವಾಗ ಏನಂದ್ರು, ಎಲ್ಲ ಕನ್ನಡಿ ಹಾಗೆ. ಪಾರಿವಾಳದ ಜಗಳಾನೂ ಮಾಡಿದ್ದೀಯಾ? ಟೆರೇಸಿನಲ್ಲಿ ಕಾಳು ಹಾಕಬೇಕೋ ಬೇಡವೋ ಅಂತ... ಬೆಳಗ್ಗೆ ಹತ್ತಕ್ಕೆ ಶುರು. ಹತ್ತೂ ಹತ್ತು. ಹತ್ತೂಕಾಲು. ಅಬ್ಬಬ್ಬಾ, ಬಿಡದೆ ಬರೆದಿದ್ದೀಯಲ್ಲೋ ಹನ್ನೆರಡರವರೆಗೆ...”

ಬೆರಳು ನಿಂತಿತು.

ತಮ್ಮ ಮದುವೆಯ ತಾರೀಖನ್ನು ಡಾಕ್ಟರು ಮರೆತದ್ದುಂಟು. ಮಂತ್ರಿಯ ಹಲ್ಲು ಮುರಿದ ತಾರೀಖನ್ನು ಮಾತ್ರ ಮರೆತಿರಲಿಲ್ಲ.

ಅವರು ಕೊನೆಯ ಸಾಲನ್ನು ಗಟ್ಟಿಯಾಗಿ, ನಿಧಾನವಾಗಿ ಓದಿದರು. “‘ಪಾರಿವಾಳವೂ ದೇವರ ಸೃಷ್ಟಿಯೇ ಎಂಬುದು ನನ್ನ ಕೊನೆಯ ಮಾತು. ಅಯ್ಯೋ, ಇಲ್ಲೇನೋ ಸೀದ ವಾಸನೆ ಬರುತ್ತಿದೆ. ಆಮೇಲೆ ಬರುತ್ತೇನೆ.’”

ಬೀದಿಯಲ್ಲಿ ಒಂದು ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು.

“ಪಾತ್ರೆ ಮುಂದೆ,” ಎಂದರು ಡಾಕ್ಟರು, “ಕಣ್ಣು ಮಿಟುಕಿಸದೆ ನಿಂತಿದ್ದೆ ಅಲ್ವಾ?”

“ಸಾರ್, ಅದು ಬಹಳ ಹಿಂದೆ...”

“ಎಷ್ಟು ಹಿಂದೆ ಅಂತ ಈಗ ಗೊತ್ತಾಯ್ತಲ್ಲಪ್ಪ. ಪಾಪ, ನನ್ನ ಭಾವಮೈದುನ!” ಅವರು ಏಣಿಯ ಕಡೆ ತಲೆಯೆತ್ತಿದರು. “ಇಳೀಯಪ್ಪ. ಬರೆದಿರೋ ಅಕ್ಷರ ಒರೆಸಿಬಿಡು, ಇನ್ನೂ ಹಸಿ ಇದೆ.”

ಹಲ್ಲಣ್ಣ ಮರಳುವ ಹೊತ್ತಿಗೆ ಕಟ್ಟಡದವರೆಲ್ಲ ಮೇಷ್ಟ್ರ ಮನೆಗೆ ಮುತ್ತಿಗೆ ಹಾಕಿ, ತಾರೀಖುಗಳನ್ನು ಮತ್ತೆ ಮುಚ್ಚಿಸಿ ಆಗಿತ್ತು. ಕತ್ತಲಾಗುವ ಮುಂಚೆ ಜಗಲಿ ಮೊದಲಿನ ಹಾಗೆ ಶಾಂತವಾಯಿತು. ಎಲ್ಲ ಪಾಪಗಳೂ ‘ಬಹಳ ಹಿಂದೆ’ ಸರಿದು ನಿದ್ದೆಹೋದವು. ಬುಡದ ಹಾಳೆ ಮುಚ್ಚಿಹೋಗಲಿ ಎಂದು ಮೇಷ್ಟ್ರು ಅದರ ಮೇಲೆ ಹೊಸ ಹಾಳೆ ಚುಚ್ಚಿದರು. ಅದರ ತಲೆಯಲ್ಲೇ ಇತ್ತು:

‘ಐದನೇ ಮಹಡಿ: ನಮ್ಮಲ್ಲಿ ಹಲ್ಲು ಮಾಡುತ್ತಿದ್ದವನನ್ನು ಕೆಲಸದಿಂದ ತೆಗೆಯಲಾಗಿದೆ. ಪಾರಿವಾಳದ ಮೇಲೆ ಪ್ರೀತಿಯಿಲ್ಲದ ಕೆಲಸಗಾರ ಬೇಕಾಗಿದ್ದಾನೆ.’

ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರ: ‘ಈಗ ತಾನೇ.’

ಮಾರನೆಯ ದಿನವೂ ಅದು ‘ಈಗ ತಾನೇ’. ಮತ್ತೆ ಜಗಳವಾದೀತೆಂದು ಮುಂದಿನ ವಾರ ಮೇಷ್ಟ್ರಿಗೆ ಪ್ರಿಂಟ್ ತೆಗೆಯುವ ಧೈರ್ಯ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಪೋಸ್ಟಿನವನು, ಹಾಲಿನವನು, ವಕೀಲರ ಮನೆಗೆ ಬಂದ ನೆಂಟರು, ಲಿಫ್ಟಿಗೆ ಕಾಯುವವರೆಲ್ಲ ಓದಿ, ಮೆಟ್ಟಿಲಿಳಿದು ಬರುವ ಹಲ್ಲಣ್ಣನ ಹೆಗಲ ಮೇಲೆ ಕೈಯಿಟ್ಟು, “ಛೇ ಛೇ, ಈಗ ತಾನೇನಾ? ಮನೇಲಿ ಹೇಳಿದ್ರಾ?” ಎಂದು ಮರುಗುತ್ತಿದ್ದರು. ಬೇರೆಯವರನ್ನು ಕೆಲಸದಿಂದ ಒಂದು ಸಲ ತೆಗೆಯುತ್ತಾರೆ. ಅವನನ್ನು ದಿನಕ್ಕೆ ಏಳೆಂಟು ಸಲ ತೆಗೆದರು.

ತಾನೇ ಕಿತ್ತರೆ ಇನ್ನೊಂದು ದೂರು. ತಡೆಯಲಾರದೆ ಒಂದು ಬೆಳಗ್ಗೆ ಅವನು ಬಾಲ್ಕನಿ ಅಜ್ಜಿಯ ಬಾಗಿಲಿಗೆ ಹೋದ. ಕೈಯಲ್ಲಿ ಹೊಸ ಪಿಂಗಾಣಿ ತಟ್ಟೆ.

“ಅಜ್ಜಿ, ಕಪಾಟಿಗೆ ಕಾಗದ ಬೇಡ್ವಾ? ಬೋರ್ಡಲ್ಲಿ ಒಂದು ಒಳ್ಳೇ ಹಾಳೆ ಇದೆ. ದಪ್ಪ ಇದೆ.”

ಅಜ್ಜಿ ತಟ್ಟೆ ಇಸಕೊಂಡು ಬೆಳಕಿಗೆ ಹಿಡಿದು ನೋಡಿದರು.

“ಬೇಡ ಕಣಪ್ಪ,” ಎಂದರು ಸಮಾಧಾನದಿಂದ. “ಅವತ್ತು ನೀನೇ ಅಷ್ಟು ಚೆನ್ನಾಗಿ ಹಾಸಿಕೊಟ್ಟಿದ್ದೀಯಲ್ಲ. ಇನ್ನು ನಾನು ಸಾಯೋವರೆಗೂ ಸಾಕು.”