ಮಾವನವರ ಮೇಜಿಗೊಂದು ಕಲೆ

"ಮೇಜಿನ ಮೇಲೆ ಒಂದೇ ಒಂದು ಕಲೆ ಕಂಡರೂ ಕಿರಿಯ ಅಳಿಯನ ಮನೆಗೆ ಸಾಗಿಸಿಬಿಡ್ತೀನಿ!" ಎಂದು ಮಾವ ಫೋನಿನಲ್ಲಿ ಗುಡುಗಿದಾಗ ನಕ್ಷೆಗಾರನಿಗೆ ಜೀವನದಲ್ಲಿ ಮೊದಲ ಸಲ ಅವರ ಮೇಲೆ ಪ್ರೀತಿ ಉಕ್ಕಿತು.

ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಮಹಾಗನಿ ಊಟದ ಮೇಜು ತನ್ನ ಎಂಟು ಕುರ್ಚಿಗಳ ಸಮೇತ ಅವನ ಹತ್ತಡಿ ಕೋಣೆಯಲ್ಲಿ ಆನೆಯಂತೆ ಬಿದ್ದುಕೊಂಡಿತ್ತು. ಗೋಡೆಗೂ ಕುರ್ಚಿಗೂ ನಡುವೆ ಉಳಿದದ್ದು ಒಂಬತ್ತು ಅಂಗುಲ. ನಕ್ಷೆಗಾರನ ಹೊಟ್ಟೆ ಹದಿಮೂರು. ಮೂರು ವರ್ಷದಿಂದ ಅವನು ಅಡುಗೆಮನೆಗೆ ಹೋಗುತ್ತಿದ್ದದ್ದು ಮೇಜಿನಡಿ ಅಂಬೆಗಾಲಿಟ್ಟೇ.

ಮಾವ ಬರುವುದು ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಹೆಂಡತಿ ಪೇಟೆಗೆ ಹೊರಟದ್ದೇ ತಡ, ಕುದಿಯುವ ಚಹಾದ ಪಾತ್ರೆಯನ್ನು ತಂದು ಮೇಜಿನ ನಟ್ಟನಡುವೆ ಕುಕ್ಕಿದ. ಪಾತ್ರೆ ಎತ್ತಿದರೆ ಹುಣ್ಣಿಮೆ ಚಂದ್ರನಂಥ ಬಿಳಿ ಕಲೆ!

ಅದನ್ನು ಕಣ್ತುಂಬ ನೋಡುತ್ತಿರುವಾಗಲೇ ಪಕ್ಕದ ಮನೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಪೇಪರು ಕೇಳಲು ಒಳಬಂದರು.

"ಅಯ್ಯಯ್ಯೋ! ಗಾಬರಿಯಾಗ್ಬೇಡಿ. ಮೆರುಗಿನೊಳಗೆ ತೇವ ಸೇರ್ಕೊಂಡಿದೆ, ಅಷ್ಟೆ. ಇಸ್ತ್ರಿಪೆಟ್ಟಿಗೆ ಎಲ್ಲಿ?"

"ಬೇಡ ಸಾರ್, ನಿಮಗ್ಯಾಕೆ ತೊಂದರೆ..."

"ನೆರೆಹೊರೆ ಅಂತ ಮತ್ತೆ ಯಾಕ್ರೀ ಇರೋದು?"

ಮೇಷ್ಟ್ರು ಬಟ್ಟೆ ಹಾಸಿ, ಹದವಾಗಿ ಬಿಸಿಯಾದ ಇಸ್ತ್ರಿ ಆಡಿಸಿದರು. ಚಂದ್ರ ಮುಳುಗಿದ.

ಮೇಷ್ಟ್ರನ್ನು ಸಾಗಹಾಕಿ ನಕ್ಷೆಗಾರ ಕೈವಾರದ ಮುಳ್ಳಿನಿಂದ ಮೇಜಿನುದ್ದಕ್ಕೂ ಒಂದು ಗೀರು ಎಳೆದ. ವೃತ್ತಿಯ ಅಭ್ಯಾಸ, ಗೀರು ಬಲು ಅಂದವಾಗಿ ಬಂತು. ಆದರೆ ಮೇಷ್ಟ್ರು ಸುಮ್ಮನಿರಬೇಕಲ್ಲ, ಬೀದಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಮಹಡಿಮನೆಯ ಅಜ್ಜಿ ವಿಚಾರಿಸಲು ಇಳಿದೇ ಬಂದರು.

"ಇಷ್ಟು ನೆಟ್ಟಗೆ ಯಾವ ಬೆಕ್ಕು ಪರಚಿತೋ ಮಗಾ! ಇರು, ನನ್ನ ಹತ್ರ ಔಷಧಿ ಇದೆ."

ಅಜ್ಜಿ ಅಕ್ರೋಟು ಒಡೆದು ಗೀರಿನುದ್ದಕ್ಕೂ ಉಜ್ಜಿದರು. ಗೀರು ಮಾಯ. ಉಳಿದ ಅಕ್ರೋಟನ್ನು ನಕ್ಷೆಗಾರನ ಬಾಯಿಗೆ ಹಾಕಿ ಹೊರಟರು.

ಈಗ ಅವನಿಗೆ ರೋಷ ಬಂತು. ಒಂದು ಕುರ್ಚಿಯ ಮೇಲೆ ಹತ್ತಿ ದಬದಬ ಕುಣಿದ. ಕುರ್ಚಿಯ ಕಾಲು ಕಳಚಿತು, ಅವನೂ ಬಿದ್ದ. ಸದ್ದಿಗೆ ಎದುರುಮನೆ ಬಡಗಿ ಸುತ್ತಿಗೆ ಸಮೇತ ಓಡಿಬಂದ.

"ಬಲ್ಬ್ ಹಾಕೋಕೆ ಹತ್ತಿದ್ರಾ ಸಾರ್? ಹಳೇ ಗೋಂದು ಬಿಟ್ಕೊಂಡಿದೆ. ಮಿಕ್ಕ ಏಳೂ ಹೀಗೇ ಇರ್ತಾವೆ, ಎಲ್ಲಾ ಬಿಗಿ ಮಾಡಿಬಿಡ್ತೀನಿ."

"ಒಂದನ್ನಾದ್ರೂ ಬಿಡಪ್ಪಾ!"

"ಸಂಕೋಚ ಯಾಕೆ ಸಾರ್? ಇನ್ನು ನೂರು ವರ್ಷ ಇವು ಅಲ್ಲಾಡಲ್ಲ!"

ನಾಲ್ಕಕ್ಕೆ ಮಾವ ಭೂತಗನ್ನಡಿ ಹಿಡಿದು ಬಂದರು. ಹಿಂದೆಯೇ ಕಿರಿಯ ಅಳಿಯ, ಬೈಸಿಕೊಂಡ ಮುಖ ಹೊತ್ತು. ಮಾವ ಮೇಜನ್ನು ಅಂಗುಲ ಅಂಗುಲವಾಗಿ ನೋಡಿದರು. ಕುರ್ಚಿಗಳನ್ನು ಅಲ್ಲಾಡಿಸಿದರು. ಅವರ ಕಣ್ಣಲ್ಲಿ ನೀರಾಡಿತು.

"ಅಳಿಯಂದ್ರೇ, ನಾನು ಕೊಟ್ಟಾಗಲೂ ಇಷ್ಟು ಚೆನ್ನಾಗಿರಲಿಲ್ಲ! ಈ ಮಹಾಶಯರಿಗೆ ಇದೇ ಜೋಡಿಯ ಬೀರು ಕೊಟ್ಟಿದ್ದೆ. ಇವತ್ತು ಹೋಗಿ ನೋಡಿದ್ರೆ ಮೈಯೆಲ್ಲಾ ಕಲೆ, ಗೀರು, ಒಂದು ಬಾಗಿಲೇ ಇಲ್ಲ. ಕರುಳು ಕಿತ್ತು ಬಂತು. ಇನ್ಮೇಲೆ ಅದೂ ನಿಮ್ಮ ಹತ್ರಾನೇ ಇರ್ಲಿ. ಹೊರಗೆ ಲಾರೀಲಿದೆ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರು, ಬಡಗಿ ಸಂಭ್ರಮದಿಂದ ಹೆಗಲು ಕೊಡಲು ಓಡಿದರು. ಅಜ್ಜಿ ದಾರಿ ಬಿಡಿಸಿದರು. ನಕ್ಷೆಗಾರ ಷಡ್ಡಕನನ್ನು ಮೂಲೆಗೆಳೆದು ಕೇಳಿದ:

"ನಿಜ ಹೇಳಯ್ಯಾ, ಅದು ಅಷ್ಟೊಂದು ಹಾಳಾಗಿದ್ದು ಹೇಗೆ?"

ಷಡ್ಡಕ ಅತ್ತಿತ್ತ ನೋಡಿ ಅವನ ಕಿವಿಯಲ್ಲಿ ಉಸುರಿದ:

"ಬಾಗಿಲು ಹಾಕ್ಕೊಂಡು ಮಾಡ್ಬೇಕು, ಅಣ್ಣಾ."